ದೀಪಕ್ಕೂ ಮೊದಲಿನ ಅಣು

ತಾರಾಪುರದ ಅಣುಸ್ಥಾವರ ವಿದ್ಯುತ್ತು ನೀಡತೊಡಗಿದ್ದು 1969ರಲ್ಲಿ. ಅಷ್ಟರೊಳಗೆ ನಮ್ಮ ದೇಶದ ಅಣುಸಂಶೋಧನೆಗೆ 24 ವರ್ಷ ಸಂದಿದ್ದವು. ಆ ಅವಧಿಯನ್ನು ಬರಿಯ ಸಿದ್ಧತೆಯ ಕಾಲವೆಂದು ಎಣಿಸುವುದು ಸರಿಯಲ್ಲ.

ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನಿನಲ್ಲಿ ಕಣ್ದೆರೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಮುಂಬಯಿಗೆ ಹೋದದ್ದು ವರ್ಷದ ಕೊನೆಗೆ. ಗಡಿನಾಡ ಕನ್ನಡಿಗರಾದ ನಾವು ಇದನ್ನು ಮರೆಯಲಾಗದು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ‘ಅಪ್ಸರಾ’ ಚಾಲನೆಗೊಂಡಿತು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಆ ಕಾರ್ಯದಲ್ಲಿದ್ದರು. ಅದರ ಶಾಖದಿಂದ ಒಂದು ದೀಪವೂ ಉರಿಯಲಿಲ್ಲ. ಅದು ಕೊಟ್ಟದ್ದು ಪ್ರಯೋಗಕ್ಕೆ ನ್ಯೂಟ್ರಾನು, ಬಳಕೆಗೆ ಐಸೊಟೋಪು.

ಶೇಂಗಾ ಚಟ್ನಿಗೆ ಹೆಸರಾದ ಸೊಲ್ಲಾಪುರದವರಿಗೆ ಇನ್ನೊಂದು ಸಂಗತಿ ಹೆಚ್ಚು ಹತ್ತಿರದ್ದು. ಟ್ರಾಂಬೆಯ ವಿಜ್ಞಾನಿಗಳು ಶೇಂಗಾ ಬೀಜಕ್ಕೆ ಕ್ಷಕಿರಣ ಹಾಯಿಸಿ, ಮೊಳೆತ ಮಾರ್ಪಾಟುಗಳನ್ನು ತಲೆಮಾರುಗಳ ಕಾಲ ಬಿತ್ತಿ ಆರಿಸಿ, ದಪ್ಪ ಕಾಳಿನ ಟಿ.ಜಿ.-1 ತಳಿಯನ್ನು ರೂಪಿಸಿದರು. 1973ರಲ್ಲಿ ಅದು ಮಹಾರಾಷ್ಟ್ರ, ಗುಜರಾತಿನ ರೈತರಿಗೆ ದೊರೆಯಿತು, 1991ರಲ್ಲಿ ಟಿ.ಎ.ಜಿ.-24 ಬಂದಿತು. ಹೆದರುವವರಿಗೆ ಒಂದು ಮಾತು: ಕಿರಣ ತಾಗಿದ್ದು ಮೂಲಬೀಜಕ್ಕೆ ಮಾತ್ರ. ಹೊಲದಲ್ಲಿ ಬೆಳೆದ ಕಾಳಿನಲ್ಲಿ ಅದರ ಸುಳಿವೂ ಉಳಿದಿರುವುದಿಲ್ಲ.