ಯುಗಾದಿ, ಚೀನೀಯರ ಹೊಸ ವರ್ಷ, ಜನವರಿ 1: ಫಾರ್ವರ್ಡ್ ಮಾಡುವ ಮುನ್ನ ಓದಿ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ಸಂದೇಶ ಸುತ್ತುತ್ತದೆ. ಚಂದ್ರನನ್ನು ನೋಡಿ ವರ್ಷ ಲೆಕ್ಕ ಹಾಕಿದವರು ನಾವು ಮಾತ್ರವಂತೆ. ಜನವರಿ 1ಕ್ಕೆ ಯಾವ ಆಧಾರವೂ ಇಲ್ಲವಂತೆ. ಯುಗಾದಿ ಮಾಡುವವರನ್ನು ಅಣಕಿಸಲೆಂದೇ ಇಂಗ್ಲಿಷರು ‘ಏಪ್ರಿಲ್ ಫೂಲ್’ ತಂದರಂತೆ. ಒಂದೊಂದಾಗಿ ನೋಡೋಣ.

ಚಂದ್ರನ ಲೆಕ್ಕ ನಮ್ಮದು ಮಾತ್ರವೇ?

ಅಲ್ಲ. ಚೀನೀಯರ ಹೊಸ ವರ್ಷವೂ ಅಮಾವಾಸ್ಯೆಯನ್ನೇ ಹಿಡಿದು ಬರುತ್ತದೆ. ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ:

- 2023: ಚೀನಾ ಜನವರಿ 22, ಯುಗಾದಿ ಮಾರ್ಚ್ 22
- 2024: ಚೀನಾ ಫೆಬ್ರುವರಿ 10, ಯುಗಾದಿ ಏಪ್ರಿಲ್ 9
- 2025: ಚೀನಾ ಜನವರಿ 29, ಯುಗಾದಿ ಮಾರ್ಚ್ 30
- 2026: ಚೀನಾ ಫೆಬ್ರುವರಿ 17, ಯುಗಾದಿ ಮಾರ್ಚ್ 19

ಮೊದಲ ಮೂರು ವರ್ಷ ಅಂತರ 59 ಅಥವಾ 60 ದಿನ, ಅಂದರೆ ಎರಡು ಚಾಂದ್ರಮಾಸ. 2026ರಲ್ಲಿ 30 ದಿನ, ಒಂದೇ ಮಾಸ. ಏಕೆ ಹೀಗೆ?

ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷ 365 ದಿನ. ಈ 11 ದಿನದ ಕೊರತೆ ಹಾಗೇ ಬಿಟ್ಟರೆ ಯುಗಾದಿ ಹಿಂದೆ ಸರಿದು ಸರಿದು ಚಳಿಗಾಲಕ್ಕೆ ಬಂದುಬಿಡುತ್ತದೆ. ಅದಕ್ಕೇ ಎರಡು-ಮೂರು ವರ್ಷಕ್ಕೊಮ್ಮೆ ನಾವು ಅಧಿಕ ಮಾಸ ಸೇರಿಸುತ್ತೇವೆ. ಚೀನೀಯರೂ ಸೇರಿಸುತ್ತಾರೆ, ಆದರೆ ಅದೇ ತಿಂಗಳಲ್ಲಲ್ಲ. 2025ರ ಜುಲೈನಲ್ಲೇ ಅವರ ಹೆಚ್ಚುವರಿ ತಿಂಗಳು ಶುರುವಾಯಿತು. ನಮ್ಮ ಅಧಿಕ ಜ್ಯೇಷ್ಠ ಬರುವುದು 2026ರ ಮೇ-ಜೂನ್‌ನಲ್ಲಿ. ಹಾಗಾಗಿ ನಡುವಿನ ಅಂತರ ಒಂದು ತಿಂಗಳು ಕುಗ್ಗಿತು.

ಜನವರಿ 1ಕ್ಕೆ ಆಧಾರವಿಲ್ಲವೇ?

ಅರ್ಧ ನಿಜ. ಆ ದಿನ ಆಕಾಶದಲ್ಲಿ ವಿಶೇಷವೇನೂ ನಡೆಯುವುದಿಲ್ಲ. ಅದು ರೋಮನ್ನರ ಆಡಳಿತದಿಂದ ಬಂದ ಪದ್ಧತಿ. ಆದರೆ ಆ ಕ್ಯಾಲೆಂಡರಿನ ವರ್ಷದ ಉದ್ದ ಋತುಗಳಿಗೆ ಚೆನ್ನಾಗಿ ಹೊಂದುತ್ತದೆ. 1582ರಲ್ಲಿ ಅದನ್ನು ತಿದ್ದಿದ್ದೂ ಅದಕ್ಕಾಗಿಯೇ. ಇನ್ನು ಪಾಶ್ಚಾತ್ಯರ ಹಬ್ಬಗಳಿಗೂ ಚಂದ್ರ ಬೇಕು: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್.

ಏಪ್ರಿಲ್ ಫೂಲ್ ಕಥೆ?

ಸುಳ್ಳು. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಕಾನೂನಿನ ಪ್ರಕಾರ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಮೂರ್ಖರ ದಿನದ ಉಲ್ಲೇಖ ಅಲ್ಲಿ 1686ರಲ್ಲೇ ಸಿಗುತ್ತದೆ. ಆಗ ಇಂಗ್ಲಿಷರು ಭಾರತವನ್ನು ಆಳುತ್ತಿರಲಿಲ್ಲ, ಅವರಿಗೆ ಯುಗಾದಿಯ ಗೊಡವೆಯೂ ಇರಲಿಲ್ಲ.

‘ನಮ್ಮದು’ ಎಂದರೆ ಯಾವುದು?

ಈ ಪ್ರಶ್ನೆಯನ್ನು ಮುಳಬಾಗಿಲು ತಾಲ್ಲೂಕಿನ ನಂಗಲಿಯಲ್ಲಿ ನಿಂತು ಕೇಳಿ. ಹೆದ್ದಾರಿಯಲ್ಲಿ ಮುಂದಕ್ಕೆ ಹೋದರೆ ಆಂಧ್ರದ ಪಲಮನೇರು. ಗಡಿಯ ಈಚೆಗೂ ಆಚೆಗೂ ಯುಗಾದಿ ಒಂದೇ ದಿನ. ಇಲ್ಲಿ ಬೇವು-ಬೆಲ್ಲ, ಅಲ್ಲಿ ಪಚ್ಚಡಿ. ಆದರೆ ತಮಿಳರ ಮನೆಗಳಲ್ಲಿ ಹೊಸ ವರ್ಷ ಏಪ್ರಿಲ್ 14ರ ಸುಮಾರಿಗೆ, ಸೂರ್ಯ ಮೇಷ ರಾಶಿಗೆ ಬಂದಾಗ. ನಮ್ಮದೇ ತುಳುನಾಡಿನ ಬಿಸು ಹಬ್ಬವೂ ಸೌರಮಾನದ್ದೇ. ಎಲ್ಲರೂ ಮಾಡುವ ಸಂಕ್ರಾಂತಿಯೂ ಸೂರ್ಯನ ಲೆಕ್ಕದ್ದೇ. ಹೀಗಿರುವಾಗ ‘ಚಂದ್ರನದ್ದೇ ನಿಜವಾದ ಹೊಸ ವರ್ಷ’ ಎಂದು ಫಾರ್ವರ್ಡ್ ಮಾಡಿದರೆ, ಆ ಮಾತು ಮೊದಲು ತಾಗುವುದು ದೂರದ ಪರದೇಶಿಗಳಿಗಲ್ಲ, ಪಕ್ಕದ ಮನೆಯವರಿಗೆ.

ಬೇವು-ಬೆಲ್ಲ ತಿನ್ನಿ, ಜನವರಿ 1ಕ್ಕೆ ಶುಭಾಶಯ ಹೇಳಬೇಕೆನಿಸಿದರೆ ಹೇಳಿ. ಒಂದರಿಂದ ಇನ್ನೊಂದು ಕೆಡುವುದಿಲ್ಲ.