ಚೀಲದ ಮೇಲೆ ಕೂತವನಿಗೆ ಗಾಡಿಯ ಕಟ್ಟಿಗೆ ಯಾವುದಾದರೇನು?

ಈ ಸಲ ರಜೆಗೆ ಊರಿಗೆ ಹೋದಾಗ ಮನೆಯಲ್ಲೊಂದು ಜಗಳ ನಡೆದಿತ್ತು. ಬ್ಯಾಡಗಿ ಮಾರುಕಟ್ಟೆಗೆ ಹಾಕಿದ ಮೆಣಸಿನಕಾಯಿಯ ದುಡ್ಡು ಬಂದಿತ್ತು. ಅಪ್ಪ ಅದನ್ನು ಕೊಳವೆಬಾವಿಯ ಸಾಲಕ್ಕೆಂದು ಎತ್ತಿಟ್ಟಿದ್ದರು. ಸೈಕಲ್ ರೇಸಿನ ಹುಚ್ಚು ಹತ್ತಿಸಿಕೊಂಡ ತಮ್ಮನಿಗೆ ಅದೇ ದುಡ್ಡಿನಲ್ಲಿ ಕಾರ್ಬನ್ ಫೈಬರ್ ಸೈಕಲ್ಲು ಬೇಕಿತ್ತು. ಅಂಗಡಿಯವರು ಹೇಳಿದ ಬೆಲೆ ಒಂದೂವರೆ ಲಕ್ಷ.

“ಅಕ್ಕಾ, ಅಲ್ಯೂಮಿನಿಯಂ ಭಾಳ ಬಡೀತೈತಿ. ಮೋಟೆಬೆನ್ನೂರು ದಾಟೂದ್ರಾಗ ಕೈ ಜೋಮು ಹಿಡೀತಾವು. ಕಾರ್ಬನ್ ಆದ್ರ ಮೆತ್ತಗ ಹೊಕ್ಕೈತಿ. ನೀ ಓದಿದಾಕಿ, ಅಪ್ಪಗ ಹೇಳು” ಎಂದ.

ನಾನು ಓದುತ್ತಿರುವುದು ಇತಿಹಾಸ. ಲೋಹದ ಬಗ್ಗೆ ಹೇಳುವ ಅಧಿಕಾರ ನನಗಿಲ್ಲ. ಆದರೆ ‘ಅಲ್ಯೂಮಿನಿಯಂ ಬಡಿಯುತ್ತದೆ’ ಎಂಬ ಮಾತು ಯಾವಾಗ, ಹೇಗೆ ಹುಟ್ಟಿತು ಎಂಬುದು ಇತಿಹಾಸದ ಪ್ರಶ್ನೆಯೇ. ಪಿಎಚ್.ಡಿ. ಪ್ರಬಂಧ ಬದಿಗಿಟ್ಟು ಒಂದು ವಾರ ಅದರ ಬೆನ್ನುಹತ್ತಿದೆ.

ಮೊದಲು ಸೈಕಲ್ಲಿನ ಮೈಯನ್ನೇ ನೋಡೋಣ. 1860ರ ದಶಕದ ಸೈಕಲ್ಲಿಗೆ ಕಟ್ಟಿಗೆಯ ಚಕ್ರ, ಅದಕ್ಕೆ ಕಬ್ಬಿಣದ ಪಟ್ಟಿ, ಥೇಟ್ ನಮ್ಮ ಹಳೆಯ ಎತ್ತಿನ ಗಾಡಿಯಂತೆ. ಇಂಗ್ಲೆಂಡಿನವರು ಅದನ್ನು ‘ಬೋನ್‌ಶೇಕರ್’, ಅಂದರೆ ಎಲುಬು ಅಲುಗಿಸುವ ಗಾಡಿ ಎಂದು ಕರೆದರು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ‘ರೋವರ್’ ಬಂತು. ಒಂದೇ ಎತ್ತರಕ್ಕೆ ಹತ್ತಿರದ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು. ಇಂದಿನ ಸೈಕಲ್ಲಿನ ಮೂಲರೂಪ ಅದು. ಆದರೂ ಎಲುಬು ಅಲುಗುವುದು ನಿಲ್ಲಲಿಲ್ಲ. ಅದನ್ನು ನಿಲ್ಲಿಸಿದವನು ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್. 1888ರಲ್ಲಿ ಆತ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿದ. ಸವಾರಿ ಹಿತವಾದದ್ದು ಫ್ರೇಮು ಬದಲಾಗಿದ್ದರಿಂದಲ್ಲ, ಗಾಳಿಯಿಂದ.

ನಮ್ಮ ಸೀಮೆಯ ಕರಿ ಸೈಕಲ್ಲೂ ಇದಕ್ಕೆ ಸಾಕ್ಷಿ. 1951ರಲ್ಲಿ ಶುರುವಾದ ಅಟ್ಲಾಸ್, 1956ರಲ್ಲಿ ಶುರುವಾದ ಹೀರೋ ಕಂಪನಿಗಳು ಹಳ್ಳಿಹಳ್ಳಿಗೆ ಮುಟ್ಟಿಸಿದ ಆ ಉಕ್ಕಿನ ಸೈಕಲ್ಲು ಎತ್ತಲಾಗದಷ್ಟು ಭಾರ. ಆದರೆ ಅದರ ಟೈರು 28×1½, ಎಂದರೆ ಒಂದೂವರೆ ಇಂಚು ಅಗಲ. ಸೀಟಿನ ಕೆಳಗೆ ದಪ್ಪ ಸ್ಪ್ರಿಂಗು. ಅಪ್ಪ ಹಿಂದೆ ಚೀಲ, ಮುಂದೆ ನನ್ನನ್ನು ಕೂರಿಸಿಕೊಂಡು ಹೊಲದ ದಾರಿಯಲ್ಲಿ ಹೋಗುತ್ತಿದ್ದದ್ದು ಅಂಥದ್ದರ ಮೇಲೆಯೇ.

ಇನ್ನು ಅಲ್ಯೂಮಿನಿಯಂ ಕತೆ. ಇದು ಉಕ್ಕಿನ ಸುಮಾರು ಮೂರನೇ ಒಂದು ಭಾಗ ತೂಗುತ್ತದೆ, ಅದರ ಬಿಗುವೂ ಸುಮಾರು ಮೂರನೇ ಒಂದು ಭಾಗ. ಅಂದರೆ ಲೋಹವಾಗಿ ಇದು ಉಕ್ಕಿಗಿಂತ ಹೆಚ್ಚು ಬಾಗುವಂಥದ್ದು. ಫ್ರಾನ್ಸಿನ ‘ವಿಟಸ್ 979’ ಎಂಬ ಫ್ರೇಮಿನಲ್ಲಿ ಸಣ್ಣ ಅಲ್ಯೂಮಿನಿಯಂ ಕೊಳವೆಗಳನ್ನು ಅಂಟು ಹಾಕಿ ಕೂಡಿಸಿದ್ದರು. 1980ರ ದಶಕದಲ್ಲಿ ಐರ್ಲೆಂಡಿನ ಶಾನ್ ಕೆಲ್ಲಿ ಅದರ ಮೇಲೆ ರೇಸುಗಳನ್ನು ಗೆದ್ದ. ಅದರ ಮೇಲಿದ್ದ ದೂರು ಬಡಿಯುತ್ತದೆ ಎಂದಲ್ಲ, ತೀರಾ ಬಾಗುತ್ತದೆ ಎಂದು!

ಹಾಗಾದರೆ ಬಡಿಯುವ ಹೆಸರು ಬಂದದ್ದೆಲ್ಲಿಂದ? ಉಕ್ಕು ಒಂದು ಮಿತಿಯೊಳಗೆ ಎಷ್ಟು ಸಲ ಬಾಗಿದರೂ ತಾಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ. ಸಣ್ಣ ಸಣ್ಣ ಬಾಗುವಿಕೆಯೂ ಸೇರುತ್ತಾ ಹೋಗಿ ಕೊನೆಗೆ ಬಿರುಕು ಬಿಡಬಹುದು. ಆದ್ದರಿಂದ ಅದನ್ನು ಹೆಚ್ಚು ಬಾಗದಂತೆ ಕಟ್ಟಬೇಕು. ಅಮೆರಿಕದ ಗ್ಯಾರಿ ಕ್ಲೈನ್, ಆಮೇಲೆ 1983ರಿಂದ ಕ್ಯಾನನ್‌ಡೇಲ್ ಕಂಪನಿ ಹಿಡಿದದ್ದು ದಪ್ಪ ಕೊಳವೆಯ ದಾರಿ. ಗೋಡೆಯ ದಪ್ಪ ಅಷ್ಟೇ ಇಟ್ಟು ವ್ಯಾಸ ಎರಡು ಪಟ್ಟು ಮಾಡಿದರೆ ಕೊಳವೆಯ ಬಿಗುವು ಸುಮಾರು ಎಂಟು ಪಟ್ಟಾಗುತ್ತದೆ. ಇದರ ಜೊತೆಗೆ ಆ ಕಾಲದ ರೇಸಿನವರು ಬೆರಳಗಲದ ಟೈರಿಗೆ ಕಲ್ಲಿನಂತೆ ಗಾಳಿ ತುಂಬುತ್ತಿದ್ದರು. ಬಡಿತ ಹುಟ್ಟಿದ್ದು ಹೀಗೆ. ಅಪವಾದ ಮಾತ್ರ ಲೋಹದ ಹೆಸರಿಗೆ ಅಂಟಿಕೊಂಡಿತು.

ಕಾರ್ಬನ್ನಿನ ಗುಣ ಬೇರೆ. ಅದು ಎಳೆಗಳ ಪದರ. ಯಾವ ದಿಕ್ಕಿಗೆ ಎಳೆ ಹಾಸುತ್ತೀರೋ ಆ ದಿಕ್ಕಿಗೆ ಬಿಗುವು. ಪೆಡಲಿನ ಬಳಿ ಗಟ್ಟಿ, ಸೀಟಿನ ಕೆಳಗೆ ತುಸು ಮೆದು ಎಂದು ಬೇಕಾದಂತೆ ಹೆಣೆಯಬಹುದು. 1998ರಲ್ಲಿ ಮಾರ್ಕೊ ಪಂತಾನಿ ಅಲ್ಯೂಮಿನಿಯಂ ಸೈಕಲ್ಲಿನ ಮೇಲೆ ಟೂರ್ ದಿ ಫ್ರಾನ್ಸ್ ಗೆದ್ದ. ಆಮೇಲೆ ದೊಡ್ಡ ರೇಸುಗಳು ಕಾರ್ಬನ್ನಿನ ಪಾಲಾದವು. ಹಗುರತನದಲ್ಲಿ ಅದರದೇ ಮೇಲುಗೈ, ಇದನ್ನು ಒಪ್ಪಬೇಕು.

ಆದರೆ ಮೆತ್ತಗಿನ ಮಾತೇ ಬೇರೆ. ರಸ್ತೆಯಿಂದ ಏಳುವ ಏಟು ನಮ್ಮನ್ನು ತಲುಪುವ ಮೊದಲು ಟೈರು, ಫ್ರೇಮು, ಸೀಟಿನ ಕಂಬ, ಸೀಟು ಇಷ್ಟನ್ನೂ ದಾಟಬೇಕು. ಇವುಗಳಲ್ಲಿ ಎಲ್ಲಕ್ಕಿಂತ ಮೆದುವಾದದ್ದೇ ಹೆಚ್ಚು ಏಟು ನುಂಗುತ್ತದೆ. ಟೈರು ಮಿಲಿಮೀಟರುಗಟ್ಟಲೆ ಅಮುಕುತ್ತದೆ. ತ್ರಿಕೋನಗಳಲ್ಲಿ ಕಟ್ಟಿದ ಫ್ರೇಮು ಯಾವ ವಸ್ತುವಿನದಾದರೂ ಮೇಲೆ ಕೆಳಗೆ ಬಾಗುವುದು ಅತ್ಯಲ್ಪ. ಅಪ್ಪನಿಗೆ ಇದನ್ನು ವಿವರಿಸುವಾಗ ಒಂದು ನೆನಪು ಬಂತು. ಚಿಕ್ಕವರಿದ್ದಾಗ ಮೆಣಸಿನಕಾಯಿ ಚೀಲಗಳ ಮೇಲೆ ಕೂತು ಬ್ಯಾಡಗಿಗೆ ಹೋಗುತ್ತಿದ್ದೆವು. ಕಣ್ಣು ಮೂಗು ಉರಿಯುತ್ತಿದ್ದವು, ಬೆನ್ನು ಮಾತ್ರ ನೋಯುತ್ತಿರಲಿಲ್ಲ. ಗಾಡಿ ಯಾವ ಕಟ್ಟಿಗೆಯದು ಎಂದು ಆಗ ಯಾರೂ ಕೇಳಿರಲಿಲ್ಲ.

ತಮ್ಮನ ಸೈಕಲ್ಲಿನ ಟೈರು ನೋಡಿದೆ. ಹಳೆಯ 23 ಮಿಲಿಮೀಟರಿನದು, ಅದಕ್ಕೆ 120 ಪಿಎಸ್‌ಐ ಗಾಳಿ. ಫ್ರೇಮಿನ ಸಂದಿ ಅಳೆದೆವು. ಮುಂದೆ 28 ಹಿಡಿಸಿತು, ಹಿಂದೆ 25 ಅಷ್ಟೇ. ಹೊಸ ಟೈರು ಹಾಕಿ ಎರಡರಲ್ಲೂ ಗಾಳಿ ಇಳಿಸಿದೆವು. ಅಲ್ಯೂಮಿನಿಯಂ ಕಂಬ ತೆಗೆಸಿ ಕಾರ್ಬನ್ನಿನ ಸೀಟಿನ ಕಂಬ ಹಾಕಿಸಿದೆವು. ಕೊಳವೆಬಾವಿಯ ದುಡ್ಡಿಗೆ ದೊಡ್ಡ ಪೆಟ್ಟೇನೂ ಬೀಳಲಿಲ್ಲ.

ಮರುವಾರ ಫೋನು ಮಾಡಿದ. “ಕೈ ಜೋಮು ಹಿಡಿಯೂದು ಕಮ್ಮಿ ಆಗೇತಿ” ಎಂದ. ಸ್ವಲ್ಪ ಸುಮ್ಮನಿದ್ದು, “ಆದ್ರ ಏರು ಹತ್ತುವಾಗ ಕಾರ್ಬನ್ ಕಾರ್ಬನ್ನ ಅಕ್ಕಾ” ಎಂದು ಸೇರಿಸಿದ.

ಅದು ನಿಜ. ಏರಿಗೆ ತೂಕ ಬೇರೆಯೇ ಲೆಕ್ಕ. ಆ ಮಾತನ್ನು ಅಪ್ಪನಿಗೆ ನಾನಿನ್ನೂ ಹೇಳಿಲ್ಲ.