ಮಂಜುಗಡ್ಡೆ ಮೀನುಗಾರಿಕೆಯ ಸಲಕರಣೆ: ಜೋಡಣೆ ಮತ್ತು ಸಂಗ್ರಹ
ಅಮೆರಿಕದ ಮಿನ್ನೆಸೋಟ, ಫಿನ್ಲೆಂಡ್ ಮೊದಲಾದ ಶೀತಪ್ರದೇಶಗಳಲ್ಲಿ ಹೆಪ್ಪುಗಟ್ಟಿದ ಸರೋವರಕ್ಕೆ ರಂಧ್ರ ಕೊರೆದು ಗಾಳ ಹಾಕುವವರು ತಮ್ಮ ಉಪಕರಣಗಳನ್ನು ವಿಂಗಡಿಸಿ ಕಾಪಾಡುವ ಕ್ರಮ ಇದು. ಈ ಮೀನುಗಾರಿಕೆಯ ಗಾಳಗಳು ತೀರಾ ಚಿಕ್ಕವು; ಅವನ್ನು ಟಂಗ್‌ಸ್ಟನ್ ಅಥವಾ ಸೀಸದಿಂದ ಮಾಡಿರುತ್ತಾರೆ. ಟಂಗ್‌ಸ್ಟನ್‌ನ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 19.3 ಗ್ರಾಂ, ಸೀಸದ್ದು 11.3, ಆದ್ದರಿಂದ ಟಂಗ್‌ಸ್ಟನ್ ಗಾಳ ಪುಟ್ಟದಾದರೂ ಬೇಗ ಮುಳುಗುತ್ತದೆ. ಚಳಿಗೆ ಮರಗಟ್ಟಿದ ಬೆರಳುಗಳಿಗೂ ಸಿಗುವಂತೆ ಇವನ್ನು ಸೀಳುಗಳಿರುವ ಫೋಮ್ ಹಾಸಿನ ಚಪ್ಪಟೆ ಡಬ್ಬಿಯಲ್ಲಿ, ತೂಕ ಮತ್ತು ಬಣ್ಣಕ್ಕನುಗುಣವಾಗಿ ಸಿಕ್ಕಿಸಿಡುವುದು ಅತ್ಯುತ್ತಮ ವಿಧಾನ. ಮೆತು ಪ್ಲಾಸ್ಟಿಕ್ ಎರೆಗಳನ್ನು ಬೇರೆಯಾಗಿಯೇ ಇಡಬೇಕು. ಕೆಲವು ಬಗೆಯವು ಒಂದಕ್ಕೊಂದು ತಾಗಿ ಕರಗಿ ಅಂಟಿಕೊಳ್ಳುತ್ತವೆ. ಮನೆಗೆ ತಂದ ಡಬ್ಬಿಯನ್ನು ತೆರೆದು ಒಣಗಿಸುವುದು ಅತಿ ಮುಖ್ಯ: ಬೆಚ್ಚಗಿನ ಗಾಳಿಯ ತೇವ ತಣ್ಣನೆಯ ಲೋಹದ ಮೇಲೆ ಹನಿಗಟ್ಟಿ ಕೊಕ್ಕೆಗೆ ತುಕ್ಕು ಹಿಡಿಸುತ್ತದೆ. ಕೊರೆಯುವ ಯಂತ್ರದ ಅಲಗಿಗೆ ಎಣ್ಣೆ ಸವರಿ ಕವಚ ತೊಡಿಸುತ್ತಾರೆ.